ಗೋಡೆಯಾಚೆಯ ಸದ್ದು

ಶನಿವಾರ ಸಂಜೆ ದಲ್ಲಾಳಿ ಮಾವನ ಮಹಡಿಯ ಮೇಲೆ ಸೇರುವವರೆಲ್ಲ ನಾಲ್ಕು ಜನಕ್ಕೆ ಉಪಕಾರವಾಗುವಂಥ ಕಸುಬು ಕಟ್ಟಿಕೊಂಡು ಒದ್ದಾಡುತ್ತಿರುವವರು. ಒಬ್ಬರಿಗೊಬ್ಬರನ್ನು ಗಂಟುಹಾಕುವುದೇ ಮಾವನ ಕೆಲಸವಾದ್ದರಿಂದ ಅವರೆಲ್ಲ ಇಟ್ಟ ಹೆಸರು ಅದು. ಭಾಷಣವೆಂದರೆ ಮಾವನಿಗೆ ಆಗದು, ಕೂತಲ್ಲಿ ಕೂರುವುದೂ ಆಗದು. ಹಳೇ ಬಟ್ಟೆಯಲ್ಲಿ ಚೀಲ ಹೊಲಿಸುವಾಕೆಯ ಕೈಗೆ ಚಹಾ ಕೊಟ್ಟು, ಲೋಟ ತಣ್ಣಗಾಗುವುದರೊಳಗೆ ಅವಳನ್ನು ಆಸ್ಪತ್ರೆಗಳಿಗೆ ಹಾಸಿಗೆ ಒದಗಿಸುವವನ ಪಕ್ಕ ಕೂರಿಸಿ, "ಮಾತಾಡ್ಕೊಳ್ಳಿ, ಕೆಲಸದ ಮಾತೇ ಆಗ್ಬೇಕಂತಿಲ್ಲ" ಎಂದು ಮೆಲ್ಲಗೆ ಜಾರಿಕೊಳ್ಳುತ್ತಾರೆ. ಬಿಟ್ಟರೆ ಮೋಡಕ್ಕೂ ಕೊಡೆ ರಿಪೇರಿಯವನಿಗೂ ಸಂಬಂಧ ಕುದುರಿಸಿಯಾರು. ಮುಸ್ಸಂಜೆಯ ಬೆಳಕಿನಲ್ಲಿ ಎಲ್ಲರ ಮಾತೂ ಕಲೆತು ಒಂದೇ ಗುನುಗಾದಾಗ ಮಾವ ಕಣ್ಣು ಅರೆಮುಚ್ಚಿ, ನಿದ್ದೆಯಲ್ಲಿ ನಡೆಯುವವರಂತೆ ಕುರ್ಚಿಗಳ ನಡುವೆ ಸುಳಿಯುತ್ತಾರೆ. ಪಕ್ಕದ ಕಟ್ಟಡದಲ್ಲಿ ಯಂತ್ರದ ಸದ್ದಾದರೆ ಮಾತ್ರ ಥಟ್ಟನೆ ಎಚ್ಚರಾಗಿ, ಮೆಟ್ಟಿಲಿಳಿದು ಹೋಗಿ, "ಏನ್ ಮಾಡ್ತಿದೀರಿ? ಬನ್ನಿ ಮೇಲೆ" ಎಂದು ಗುರುತು ಪರಿಚಯವಿಲ್ಲದವರನ್ನೂ ಕರೆತರುತ್ತಾರೆ. ಒಂದು ಕಾಲದಲ್ಲಿ ಮಾವ ಬೇರೊಂದು ಕಡೆ ಬಾಡಿಗೆ ಕೋಣೆಯಲ್ಲಿ ಬಡವರಿಗೆ ಮರದ ಕಾಲು ಮಾಡಿಕೊಡುತ್ತಿದ್ದರು. ಪಾದಕ್ಕೆ ಹಾಕಲು ಅಗ್ಗದ ರಬ್ಬರು ಸಿಗದೆ ಆ ಕೆಲಸ ನಿಂತುಹೋಯಿತು. ಆ ಕೋಣೆಯ ಗೋಡೆಯಾಚೆ ದಿನವೂ ಯಂತ್ರ ದಡದಡ ಎನ್ನಿಸುತ್ತಿದ್ದವನು ಹಳೇ ಟೈರಿನಿಂದ ಚಪ್ಪಲಿಯ ಅಟ್ಟೆ ಕತ್ತರಿಸುತ್ತಿದ್ದ ಎಂದು ತಿಳಿದದ್ದು, ಕೋಣೆ ಖಾಲಿ ಮಾಡುವ ದಿನ ಸಾಮಾನು ಹೊರಲು ಅವನೇ ಬಂದು ಕೈಹಾಕಿದಾಗ. ಅಷ್ಟು ವರ್ಷವೂ ಆ ಸದ್ದಿಗೆ ಬೈದುಕೊಂಡು ಮಾವ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.