ಇಳಿದಿರಬೇಕು ಎಂದಿದ್ದು ನಾನು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಗೋವಿನಕೋವಿಯಲ್ಲಿ ಬಾಡಿಗೆಗಿದ್ದು, ಹತ್ತಿರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಆ ವಾರ ಒಂಬತ್ತನೇ ತರಗತಿಗೆ ‘ಸಪೋಸ್’ ಎಂಬ ಕ್ರಿಯಾಪದದ ಪಾಠ. ಕಣ್ಣಾರೆ ನೋಡದೆ, ಹೀಗಿರಬೇಕು ಎಂದುಕೊಂಡದ್ದನ್ನು ಹೇಳುವಾಗ ‘ಐ ಸಪೋಸ್’ ಎಂದು ಶುರು ಮಾಡಬೇಕು ಎಂದು ಹೇಳಿಕೊಟ್ಟೆ. ಬಸ್ಸು ಹೊರಟಿರಬೇಕು, ಅಮ್ಮ ಮನೆಯಲ್ಲಿರಬೇಕು, ಅಂಗಡಿ ತೆರೆದಿರಬೇಕು. ಇಂಥವೇ ದಿನಬಳಕೆಯ ಐದು ವಾಕ್ಯಗಳನ್ನು ಬರೆದು ಸೋಮವಾರ ತನ್ನಿ ಎಂದೆ.

ಭಾನುವಾರ ಬೆಳಿಗ್ಗೆ ಮನೆಯ ಯಜಮಾನರು ಗದ್ದೆಗೆ ಹೊರಟರು. ನಾನೂ ಜೊತೆಗೆ ಹೋದೆ. ನಾನು ಬಿಳಿಚೋಡು ಕಡೆಯವನು. ನಮ್ಮಲ್ಲಿ ಮಳೆ ಬಂದರೆ ಬೆಳೆ. ಪಂಪ್‌ಸೆಟ್ಟಿನ ಬೇಸಾಯ ನನಗೆ ಹೊಸದು. ಅಂದು ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹೋಗಿತ್ತು. ಲೈನ್‌ಮನ್ ಒಬ್ಬರಿಗೆ ಹತ್ತಾರು ಊರು, ಕಾಯುತ್ತ ಕೂತರೆ ನೀರಿಲ್ಲ. ಹಾಗಾಗಿ ರೈತರೇ ಮೇಲೆ ಹತ್ತಿ ಫ್ಯೂಸಿನ ತಂತಿ ಕಟ್ಟುತ್ತಿದ್ದರು. ಅದಕ್ಕೊಂದು ಕಟ್ಟಳೆಯಿತ್ತು. ರಸ್ತೆ ಬದಿಯ ಕಂಬದಲ್ಲಿ ಒಂದು ಹ್ಯಾಂಡಲ್ ಇರುತ್ತದೆ, ಅದನ್ನು ಕೆಳಗೆ ಎಳೆದರೆ ಟ್ರಾನ್ಸ್‌ಫಾರ್ಮರಿಗೆ ಕರೆಂಟ್ ನಿಲ್ಲುತ್ತದೆ. ಹತ್ತುವವನು ಎಳೆದ ಹ್ಯಾಂಡಲಿಗೆ ತನ್ನ ಟವಲ್ ಕಟ್ಟಿ ಹೋಗಬೇಕು. ಇಳಿದು ಬಂದು ಅವನೇ ಬಿಚ್ಚಬೇಕು. ಅಲ್ಲಿಯವರೆಗೆ ಯಾರ ಗದ್ದೆ ಒಣಗಿದರೂ ಇನ್ನೊಬ್ಬರು ಮುಟ್ಟುವ ಹಾಗಿಲ್ಲ.

ಯಜಮಾನರು ಟವಲ್ ಕಟ್ಟಿದರು. “ಇಲ್ಲೇ ನೆಳ್ಳಾಗೆ ನಿಂತಿರ್ರಿ ಮೇಷ್ಟ್ರೇ. ಕಬ್ಬಿನ ಗರಿ ತಗುಲಿದ್ರೆ ನಾಳೆ ಹುಡುಗರ ಮುಂದೆ ಕೆರ್ಕೋಬೇಕಾಗ್ತೈತೆ” ಎಂದು ನಕ್ಕು ಕಬ್ಬಿನೊಳಗೆ ಹೋದರು. ಟ್ರಾನ್ಸ್‌ಫಾರ್ಮರ್ ಕಬ್ಬಿನ ಆಚೆ ಇತ್ತು. ನಾನು ನಿಂತ ಜಾಗದಿಂದ ಕಾಣುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಆ ಕಡೆ ಧೊಪ್ಪೆಂದು ಸದ್ದಾಯಿತು. ಅಷ್ಟರಲ್ಲಿ ಪಕ್ಕದ ಗದ್ದೆಯವನು ಬದುವಿನ ಮೇಲೆ ದಾಪುಗಾಲು ಹಾಕುತ್ತ ಬಂದ. ಅವನ ಪಂಪೂ ಅದೇ ಟ್ರಾನ್ಸ್‌ಫಾರ್ಮರಿನದು. ದೂರದಿಂದಲೇ ಕೂಗಿದ.

“ಮೇಷ್ಟ್ರೇ, ಅಣ್ಣ ಇಳಿದ್ನಾ?”

ನಾನೂ ದನಿಯೇರಿಸಿ ಹೇಳಿದೆ. “ಇಳಿದಿರಬೇಕು.”

ಹತ್ತಿರ ಬಂದವನು ಟವಲ್ ನೋಡಿ ನಿಂತ. “ಇನ್ನೂ ಕಟ್ಟೇ ಐತಲ್ರಿ.”

“ಧುಮುಕಿದ ಸದ್ದಾಯಿತು. ಬರುತ್ತಿರಬೇಕು.”

“ಹಂಗಾದ್ರೆ ಸರಿ. ಇನ್ನರ್ಧ ಗಂಟೆಗೆ ಕರೆಂಟ್ ತೆಗಿತಾರೆ, ಸಸಿಮಡಿ ಒಣಗಾಕೆ ಹತ್ತೈತೆ. ಓದಿದೋರೇ ನಿಂತು ಹೇಳೋವಾಗ ಟವಲ್ಲಿಗೇನು ಕೇಳೋದು.”

ಟವಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಹ್ಯಾಂಡಲ್ ಮೇಲಕ್ಕೆ ತಳ್ಳಿದ. ಕಬ್ಬಿನಾಚೆ ಭಾರವಾದದ್ದೇನೋ ಬಿತ್ತು, ಚಟಾರೆಂದು ಕಿಡಿ ಸಿಡಿದ ಸದ್ದೂ ಬಂತು. ಆ ಎರಡರಲ್ಲಿ ಯಾವುದು ಮೊದಲು ಕೇಳಿಸಿತು ಎಂಬುದನ್ನು ನಾನು ಇಷ್ಟು ವರ್ಷಗಳಲ್ಲಿ ಎಷ್ಟೋ ಸಲ ಕೂತು ಯೋಚಿಸಿದ್ದೇನೆ. ಒಂದೊಂದು ಸಲ ಒಂದೊಂದು ಮೊದಲಾಗುತ್ತದೆ. ಕಬ್ಬಿನ ಸಾಲಿನ ಕೊನೆಗೆ ಹೋಗಿ ನೋಡಲು ಇಪ್ಪತ್ತು ಹೆಜ್ಜೆ ಸಾಕಿತ್ತು.

ಅವನು ಹ್ಯಾಂಡಲ್ ಮತ್ತೆ ಎಳೆದ. ಇಬ್ಬರೂ ಓಡಿದೆವು. ಯಜಮಾನರು ಮುರಿದ ಕಬ್ಬಿನ ಮೇಲೆ ಕೂತು ಪಾದ ಹಿಡಿದುಕೊಂಡಿದ್ದರು. ತುಟಿ ಬಿಳಿಚಿಕೊಂಡಿತ್ತು. ಅವರಿಂದ ಒಂದು ಮಾರು ದೂರದಲ್ಲಿ ಇಕ್ಕಳ ಬಿದ್ದಿತ್ತು. ನಾನು ಮೊದಲು ಕೇಳಿದ ಧೊಪ್ಪೆಂಬ ಸದ್ದು ಅದು ಬಿದ್ದದ್ದು.

“ಟವಲ್ ಬಿಚ್ಚಿದ್ದು ಯಾರು?” ಎಂದರು.

“ನಾನು ಅಣ್ಣ. ನಂದೇ ತಪ್ಪು” ಎಂದ ಪಕ್ಕದ ಗದ್ದೆಯವನು. ಯಾರ ಮಾತು ಕೇಳಿ ಬಿಚ್ಚಿದೆ ಎಂದು ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ. ಯಜಮಾನರ ತೋಳಿಗೆ ಹೆಗಲು ಕೊಟ್ಟು ಮನೆಗೆ ಕರೆತಂದೆವು.

ಸಂಜೆಗೆ ಊರೆಲ್ಲ ಅದೇ ಸುದ್ದಿ. ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವನೊಬ್ಬ ಪಕ್ಕದ ಗದ್ದೆಯವನಿಗೆ, “ನೀನು ಆ ಮೂಲಿಗೆ ಕೂತ್ಕಳಪ್ಪ, ಇಲ್ಲಿ ಸ್ವಿಚ್ಚೈತೆ” ಎಂದ. ಎಲ್ಲರೂ ನಕ್ಕರು. ಅವನು ತಲೆ ತಗ್ಗಿಸಿ ಚಹಾ ಕುಡಿದ. ನಾನು ಎದುರಿನ ಬೆಂಚಿನಲ್ಲಿದ್ದೆ.

ಸೋಮವಾರ ತರಗತಿಯಲ್ಲಿ ವಾಕ್ಯಗಳನ್ನು ಓದಿಸಿದೆ. ಒಬ್ಬ ಹುಡುಗಿ ಎದ್ದು ನಿಂತು, “ಐ ಸಪೋಸ್ ದೇರ್ ಈಸ್ ನೋ ಕರೆಂಟ್ ಇನ್ ದ ವೈರ್” ಎಂದು ಓದಿದಳು.

“ಕರೆಂಟಿಲ್ಲ ಅಂತ ನಿನಗೆ ಹೇಗೆ ಗೊತ್ತು?”

“ಗೊತ್ತಿಲ್ಲ ಸಾರ್. ಅದಕ್ಕೇ ಸಪೋಸ್ ಹಾಕೀನಿ.”

ವಾಕ್ಯದಲ್ಲಿ ತಪ್ಪಿರಲಿಲ್ಲ. ಸರಿ ಎಂದು ಗುರುತು ಹಾಕಿ ಪುಸ್ತಕ ಹಿಂದಕ್ಕೆ ಕೊಟ್ಟೆ. ಮಿಕ್ಕವರ ವಾಕ್ಯಗಳನ್ನು ಓದಿಸಲಿಲ್ಲ.

ಶಾಲೆ ಬಿಟ್ಟ ಮೇಲೆ ಸೀದಾ ಮನೆಗೆ ಹೋದೆ. ಯಜಮಾನರು ಜಗುಲಿಯ ಮೇಲೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಪಾದ ಇಳಿಬಿಟ್ಟು ಕೂತಿದ್ದರು.

“ಯಜಮಾನ್ರೇ, ಇಳಿದಿರಬೇಕು ಅಂತ ಹೇಳಿದ್ದು ನಾನು.”

“ಗೊತ್ತೈತೆ” ಎಂದರು. “ಮೇಲಕ್ಕೆ ಕೇಳಿಸ್ತು. ನಾನು ಬ್ಯಾಡ ಬ್ಯಾಡ ಅಂತ ಕೂಗಿದ್ರೆ ಅವನು ನಿಲ್ಲಿಸ್ತಾನೋ ಇಲ್ಲೋ. ಕೈಬಿಟ್ಟು ಧುಮುಕಿದೆ.”

“ನಿನ್ನೆನೇ ಯಾಕೆ ಹೇಳಲಿಲ್ಲ?”

“ನೀವೇ ಹೇಳ್ತೀರಿ ಅಂದ್ಕಂಡಿದ್ದೆ.”

ಅವರು ನೀರಿನಲ್ಲಿ ಪಾದ ಆಡಿಸಿದರು.

“ನನಗೆ ಹೇಳಿದ್ರೆ ಏನು ಬಂತು ಮೇಷ್ಟ್ರೇ. ಬೈಸ್ಕಳ್ತಿರೋನು ಅವನು. ಹೋಟ್ಲಾಗೆ ಹೇಳ್ರಿ, ಎಲ್ಲರೂ ಇರೋವಾಗ.”

ಪುಸ್ತಕಗಳನ್ನು ಜಗುಲಿಯ ಮೇಲಿಟ್ಟು ಹೊರಟೆ. ಹೋಟೆಲಿನ ಬಾಗಿಲಲ್ಲಿ ನಿಂತು, ಅವನು ಒಳಗಿದ್ದಾನೆಯೇ ಎಂದು ಮೊದಲು ಬಗ್ಗಿ ನೋಡಿದೆ. ಇದ್ದ. ಒಳಗೆ ಹೋದೆ.