ಎರೆಮಣ್ಣು ತಳಕ್ಕೆ ಹೋದ ದಿನ

ಕೌಜಲಗಿ ಕಡೆಯ ನಮ್ಮ ಹೊಲದಲ್ಲಿ ಎರೆಮಣ್ಣು, ಅಂದರೆ ಕರಿ ಮಣ್ಣು, ಇದ್ದದ್ದೇ ಮೊಣಕಾಲುದ್ದ. ಅದರ ಕೆಳಗೆ ಗರಸೆಂಬ ಜಲ್ಲಿಮಣ್ಣು, ಗರಸಿನ ಕೆಳಗೆ ಕಲ್ಲು. ಆ ಕಲ್ಲಿಗಾಗಿ ಖಣಿಯವರು ಹೊಲವನ್ನು ಕೆಲವು ವರ್ಷಕ್ಕೆ ಕೇಳಿದಾಗ ನನ್ನ ಗಂಡ ಒಪ್ಪಿದರು. ಅತ್ತೆ ಮಾತ್ರ ಹಟ ಹಿಡಿದರು.

"ಮ್ಯಾಲಿನ ಕರಿ ಮಣ್ಣು ಮೊದಲ ಕೆರದು ಬ್ಯಾರೆ ಇಡ್ರಿ. ತಗ್ಗು ಮುಚ್ಚಿದ ಮ್ಯಾಲ ಅದನ್ನ ಹಾಸಿ ಕೊಡ್ರಿ. ಬರದು ಕೊಟ್ರ ಸಹಿ."

ಬರೆದುಕೊಟ್ಟರು. ಕರಿ ಮಣ್ಣು ಹೊಲದ ಮೂಲೆಯಲ್ಲಿ ಗುಡ್ಡೆಯಾಗಿ ಬಿತ್ತು. ಮಳೆಗೆ ಹರಿದುಹೋಗಬಾರದೆಂದು ನಾನೂ ಅತ್ತೆಯೂ ಅದರ ಮೇಲೆ ಪ್ರತಿ ವರ್ಷ ಸೆಣಬಿನ ಬೀಜ ಚೆಲ್ಲುತ್ತಿದ್ದೆವು. ಇಟ್ಟಿಗೆ ಭಟ್ಟಿಯವರು ಅದನ್ನು ಕೇಳಿಕೊಂಡು ಬಂದರೆ ಅತ್ತೆ ಬೈದು ಕಳಿಸುತ್ತಿದ್ದರು.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ತಗ್ಗು ಮುಚ್ಚಲು ಶುರು ಮಾಡಿದರು. ಅದೇ ಹೊತ್ತಿಗೆ ಅತ್ತೆಯ ಕಣ್ಣಿನ ಪೊರೆ ತೆಗೆಸಲು ಘಟಪ್ರಭಾಕ್ಕೆ ಹೋಗಬೇಕಾಯಿತು. ಗಂಡ ಬೇರೆ ಊರಿಗೆ ದುಡಿಯಲು ಹೋಗಿದ್ದರು; ಎರಡು ದಿನ ನಾನೇ ದವಾಖಾನೆಯಲ್ಲಿದ್ದೆ. ಮೂರನೆಯ ದಿನ ಅವರನ್ನು ಮನೆಗೆ ತಂದು ಮಲಗಿಸಿ, ಹೊಲಕ್ಕೆ ಓಡಿದೆ.

ಬದುವಿನ ಮೇಲೆ ನಿಂತು ನೋಡಿದರೆ ಮೂಲೆಯ ಗುಡ್ಡೆ ಮುಕ್ಕಾಲು ಖಾಲಿ. ತಗ್ಗು ಬಹುತೇಕ ತುಂಬಿತ್ತು, ಆದರೆ ಮೇಲೆಲ್ಲ ಬೆಳ್ಳನೆಯ ಗರಸು, ಕಲ್ಲಿನ ಚೂರು. ನಮ್ಮ ಕರಿ ಮಣ್ಣನ್ನು ತಳಕ್ಕೆ ನೂಕಿದ್ದರು. ಜೆಸಿಬಿ ಗರಸಿನ ಇನ್ನೊಂದು ಬಕೆಟ್ ಎತ್ತುತ್ತಿತ್ತು. ಅದರ ಮುಂದೆ ಹೋಗಿ ನಿಂತುಬಿಟ್ಟೆ.

ಡ್ರೈವರ್ ಗಾಬರಿಯಾಗಿ ಇಳಿದ. "ಯಕ್ಕಾ, ಸಾಯ್ತೀರೇನ? ದೂರ ಸರೀರಿ!"

"ಯಾವ ಮಣ್ಣ ತಳಕ್ಕ ಹಾಕೀಯೋ ಅಣ್ಣಾ? ಆ ಕರಿ ಮಣ್ಣ ಮ್ಯಾಲ ಬರಬೇಕಾಗಿತ್ತು."

ಅವನ ಮುಖ ಸಣ್ಣದಾಯಿತು. "ನನಗ ಯಾರೂ ಹೇಳಲಿಲ್ರಿ. ಹತ್ತರ ಇದ್ದ ಗುಡ್ಡಿ ಮೊದಲ ನೂಕು ಅಂದ್ರು, ನೂಕೀನಿ."

ಖಣಿಯ ಮ್ಯಾನೇಜರನಿಗೆ ಫೋನ್ ಮಾಡಿದೆ. "ತಗ್ಗು ಮುಚ್ಚೇತಿಲ್ಲೋ? ಮಣ್ಣ ಅಂದ್ರ ಮಣ್ಣರಿ," ಎಂದು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ಡ್ರೈವರನ ಕೈ ಹಿಡಿದುಕೊಂಡೆ. ಪರಗಂಡಸಿನ ಕೈ ಎಂಬ ಎಚ್ಚರವೂ ಇರಲಿಲ್ಲ. "ವಾಪಸ್ ತಗಿ ಅಣ್ಣಾ, ಎಷ್ಟ್ ಆಕ್ಕೈತಿ ಅಷ್ಟು." ಅವನು ಮೇಲೆ ಹತ್ತಿ ಅಗೆಯತೊಡಗಿದ. ಬಂದ ಮಣ್ಣಿಗೆಲ್ಲ ಕಲ್ಲು ಬೆರೆತಿತ್ತು. ತಾಸು ಹೊತ್ತಿನಲ್ಲಿ ಮಳೆ ಹೊಡೆಯಿತು. ತಗ್ಗು ರಾಡಿಯಾಗಿ ಯಂತ್ರದ ಗಾಲಿಗಳು ಹೂತುಹೋಗತೊಡಗಿದವು. "ಇನ್ನ ಆಗೂದಿಲ್ಲಕ್ಕಾ," ಎಂದು ಅವನು ಗಾಡಿ ಹಿಂದೆ ತೆಗೆದ. ಬೊಗಸೆಯಲ್ಲಿ ರಾಡಿ ಎತ್ತಿ ಎತ್ತಿ ಬದಿಗೆ ಹಾಕಿದೆ. ಬೆರಳ ಸಂದಿಯಿಂದ ಎಲ್ಲ ಸೋರಿಹೋಯಿತು.

ಮನೆಗೆ ಬಂದಾಗ ಅತ್ತೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಕೇಳಿದರು, "ಕರಿ ಮಣ್ಣ ಹಾಸಿದ್ರೇನ ಯವ್ವಾ?"

"ಹಾಸ್ಯಾರ್ರಿ ಅತ್ತಿ," ಎಂದೆ. ಅವರು ನೆಮ್ಮದಿಯಿಂದ ಮಗ್ಗುಲಾದರು. ನಾನು ಹಿತ್ತಲಿಗೆ ಹೋಗಿ ಕಣ್ಣೀರು ಹಾಕಿದೆ.

ವಾರ ಕಳೆದು ಪಟ್ಟಿ ಬಿಚ್ಚಿದ ಮೇಲೆ ಅವರೇ ನಡೆದು ಹೊಲಕ್ಕೆ ಬಂದರು. ಗರಸು ನೋಡುತ್ತ ಬದುವಿನ ಮೇಲೆ ಕೂತರು. "ನನಗ ಇನ್ನೊಂದ ಎಂಟ ದಿನ ಪಟ್ಟಿ ಇದ್ದಿದ್ರ ಚಲೋ ಇತ್ತು," ಎಂದಷ್ಟೇ ಹೇಳಿದರು.

ಉಳಿದ ಗುಡ್ಡೆಯನ್ನು ಬುಟ್ಟಿಯಲ್ಲಿ ಹೊತ್ತು ಹಾಸಿದೆವು. ಹೊಲದ ಒಂದು ಮಗ್ಗುಲಿಗೆ ಸಾಲಿತು. ಬಿತ್ತಿದ ಹೆಸರುಕಾಳಿನ ಬೆಳೆ ಅಲ್ಲಿ ಬಂತು. ಮಿಕ್ಕ ಕಡೆ ಎರಡೆಲೆ ಬಿಟ್ಟು ಹಳದಿಯಾಗಿ ಒಣಗಿತು. ರಾತ್ರಿ ಕುರಿಹಿಂಡನ್ನು ಹೊಲದಲ್ಲಿ ತರುಬಿದರೆ ಗೊಬ್ಬರವಾದೀತೆಂದು ಕುರುಬರನ್ನು ಕರೆದೆ. ಹಿರಿಯರೊಬ್ಬರು ಬಂದು ಕಾಲಲ್ಲಿ ಗರಸು ಕೆದರಿ, "ಇಲ್ಲಿ ಕುರಿ ಏನ ತಿಂತಾವ್ರಿ ತಂಗೀ?" ಎಂದು ಹಿಂಡು ಹೊಡೆದುಕೊಂಡು ಹೋದರು.

ಈ ವರ್ಷವೂ ಗರಸಿನ ಮೇಲೆ ಬಿತ್ತಿದ್ದೇನೆ. ಇನ್ನೂ ಮೊಳಕೆ ಕಂಡಿಲ್ಲ.