ಬಳೆ ಬೇಕಾದರೆ ಕೈ ತನ್ನಿ

ಕುರ್ಲಾದ, ಕನ್ನಡದವರೇ ತುಂಬಿರುವ ನಮ್ಮ ಚಾಳಿನಲ್ಲಿ ಗಂಡಸರು ಒಬ್ಬರನ್ನೊಬ್ಬರು ಹೇಡಿ ಎಂದು ಬೈಯುವುದಿಲ್ಲ. "ಕೈಯಾಗ ಬಳಿ ಇಟ್ಕೊಂಡೀಯೇನೋ?" ಎಂದು ಕೇಳುತ್ತಾರೆ. ಕ್ರಿಕೆಟ್‌ನಲ್ಲಿ ಕ್ಯಾಚ್ ಬಿಟ್ಟವನಿಗೆ ಇದೇ ಮಾತು. ಲೋಕಲ್ ರೈಲಿನಲ್ಲಿ ಸೀಟು ಹಿಡಿಯಲಾಗದೆ ನಿಂತೇ ಬಂದವನಿಗೂ ಇದೇ. ಮೆಟ್ಟಿಲು ಹತ್ತುತ್ತ ಇಳಿಯುತ್ತ ಗಟ್ಟಿಯಾಗಿ ಅನ್ನುತ್ತಾರೆ. ಆ ಮೆಟ್ಟಿಲ ಕೆಳಗೇ ಚನ್ನವ್ವ ಬಳೆಯ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾಳೆ. ಮೂವತ್ತೆರಡು ವರ್ಷದಿಂದ ಕೂತಿದ್ದಾಳೆ. ಅವಳಿಗೆ ಕಿವಿ ಇದೆ ಎನ್ನುವುದು ಈ ಗಂಡಸರಿಗೆ ಒಮ್ಮೆಯೂ ಹೊಳೆದಿಲ್ಲ.

ನಾನು ಅನುರಾಧಾ, ಎರಡನೇ ಮಾಳಿಗೆಯವಳು, ಧಾರವಾಡ ಕಡೆಯವಳು. ಫೋರ್ಟ್ ಭಾಗದ ಒಂದು ವಿಮಾ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದೇನೆ. ನನ್ನ ಮೇಜಿನ ಎದುರು ನಿಂತವರು ಇವತ್ತಿಗೂ "ಇಲ್ಲಿ ಸಾಹೇಬರು ಯಾರು?" ಎಂದು ನನ್ನನ್ನೇ ಕೇಳುತ್ತಾರೆ. ಹಾಗಾಗಿ ನನಗೆ ಸಿಟ್ಟು ಸ್ವಲ್ಪ ಬೇಗ ಬರುತ್ತದೆ. ಚನ್ನವ್ವನಿಗೆ ಬರುವುದಿಲ್ಲ. ಅವಳು ತಿರುಗಿ ಒಂದು ಪ್ರಶ್ನೆ ಕೇಳುತ್ತಾಳೆ, ಅಷ್ಟೇ.

ವಿಜಯಪುರದ ಕಡೆಯಿಂದ ಗಂಡನ ಜೊತೆ ಬಂದವಳು. ಗಂಡ ವಡಾಲದ ಗೋದಾಮುಗಳಲ್ಲಿ ಹಮಾಲಿ ಮಾಡುತ್ತಿದ್ದ. ಹತ್ತೊಂಬತ್ತು ವರ್ಷದ ಹಿಂದೆ ತೀರಿಕೊಂಡ. ಆವತ್ತು ಅವಳ ಕೈ ಬರಿದಾಯಿತು. ಬುಟ್ಟಿ ತುಂಬ ಬಳೆ, ಮುಂಗೈಯಲ್ಲಿ ಒಂದೂ ಇಲ್ಲ. ಅದಾದ ಮೇಲೆ ಚಾಳಿನ ಒಂದಿಬ್ಬರು, "ಮದುವಿ ಮನಿಗೆ ಬಳಿ ನಿಂದ ಇರಲಿ ಚನ್ನವ್ವ, ಇಡಸೂದು ಮಾತ್ರ ಬ್ಯಾರೆ ಮುತ್ತೈದಿ ಇಡಸ್ಲಿ" ಅಂದರು. ಚನ್ನವ್ವ ಬುಟ್ಟಿ ಮುಚ್ಚಿದಳು. "ನನ್ನ ಬಳಿ ಬೇಕಂದ್ರ ನನ್ನ ಕೈನೂ ಬೇಕು. ಬಿಡಿ ಬಳಿ ಕೊಡಂಗಿಲ್ಲ. ಕೈ ತರ್ರಿ, ಇಡಸ್ತೀನಿ" ಅಂದಳು. ಮದುಮಗಳಿಗೆ ಬೇರೆ ಯಾರೋ ಹೊರಗಿನ ಬಳೆ ತಂದು ಇಡಿಸಹೋಗಿ ಅರ್ಧ ಡಜನ್ ಒಡೆದು ಕೈಗೆ ಗಾಯ ಮಾಡಿದರು. ಮರುದಿನ ಮದುಮಗಳ ಕೈ ಮೆಟ್ಟಿಲ ಕೆಳಗೆ ಬಂತು. ಅವತ್ತಿನಿಂದ ಅದೇ ನಿಯಮ: ಕೈ ತಂದರೆ ಬಳೆ, ಇಟ್ಟುಕೊಂಡ ಮೇಲೆ ಬುಟ್ಟಿಗೊಂದು ನಮಸ್ಕಾರ.

ಮೂರು ಹೆಣ್ಣುಮಕ್ಕಳನ್ನು ಓದಿಸಿದ್ದೂ ಇದೇ ಬುಟ್ಟಿ. "ಮೂರೂ ಹೆಣ್ಣ? ಪಾಪ" ಎಂದು ಯಾರೋ ಮರುಗಿದರೆ, "ಹೌದವ್ವಾ, ಪಾಪ. ಮೂವರೂ ದಿನಾ ಫೋನ್ ಮಾಡಿ ಉಂಡ್ಯಾ, ಗುಳಗಿ ತಗೊಂಡ್ಯಾ ಅಂತ ತಲಿ ತಿಂತಾರ" ಅನ್ನುತ್ತಾಳೆ. ಒಮ್ಮೆ ಬಳೆಯ ದೊಡ್ಡ ಪೆಟ್ಟಿಗೆಯನ್ನು ಸ್ಟೇಷನ್ನಿನಿಂದ ತಲೆಯ ಮೇಲೆ ಒಬ್ಬಳೇ ಹೊತ್ತು ತಂದಳು. ನಮ್ಮ ಚಾಳ್ ಕಮಿಟಿಯ ಅಧ್ಯಕ್ಷ ಶಂಕ್ರೆಪ್ಪ ಅದನ್ನು ನೋಡಿ ಮೆಚ್ಚಿ, "ಚನ್ನವ್ವಕ್ಕಾ, ನೀ ಹೆಂಗಸಲ್ಲ ಬಿಡು, ಗಂಡಸ!" ಅಂದ.

"ಯಾಕೋ ತಮ್ಮಾ, ನಾ ಏನ್ ತಪ್ಪ ಮಾಡೀನಿ?" ಅಂದಳು.

ಈ ಶಂಕ್ರೆಪ್ಪ ಕೆಟ್ಟವನಲ್ಲ. ಪೇಂಟಿಂಗ್ ಗುತ್ತಿಗೆದಾರ, ದಪ್ಪ ಕೈ, ದೊಡ್ಡ ದನಿ. ಬೆಲ್ ಒತ್ತದೆ ಬಾಗಿಲಲ್ಲೇ ನಿಂತು ಕೂಗುವ ಜಾತಿ. ಯಾರಿಗೆ ಆಸ್ಪತ್ರೆ ಬೇಕಾದರೂ ಅವನೇ ಓಡುತ್ತಾನೆ. ಆದರೆ ಬಾಯಿ ತೆಗೆದರೆ "ಹೆಂಗಸರಂಗ ಅಳಬ್ಯಾಡ", "ಹೆಂಗಸರಂಗ ಕುಂದರಬ್ಯಾಡ". ಹೆಂಗಸರು ಹೇಗೆ ಕೂರುತ್ತಾರೆ ಎಂದು ನೋಡಲು ನಮ್ಮ ಚಾಳಿನಲ್ಲಿ ಕೆಲಸವಿಲ್ಲದೆ ಕೂತ ಹೆಂಗಸು ಯಾರಾದರೂ ಸಿಕ್ಕಬೇಕಲ್ಲ!

ಹೋದ ಮೇ ತಿಂಗಳಲ್ಲಿ ಹನ್ನೊಂದು ದಿನ ನಳದಲ್ಲಿ ನೀರು ಸರಿಯಾಗಿ ಬರಲಿಲ್ಲ. ಹೆಂಗಸರು ನಸುಕಿನಲ್ಲಿ ಕೊಡ ಹಿಡಿದು ಸಾಲು ನಿಂತರು, ಟ್ಯಾಂಕರ್ ಹಿಂದೆ ಓಡಿದರು. ಹನ್ನೊಂದನೇ ದಿನ ಕಮಿಟಿ ಸಭೆ ಸೇರಿತು. ಕಮಿಟಿಯಲ್ಲಿ ಏಳು ಗಂಡಸರು. ನೀರು ತುಂಬುವವರು ಅದರಲ್ಲಿ ಒಬ್ಬರೂ ಇಲ್ಲ. ನೀರಿನ ಆಫೀಸಿಗೆ ಮೋರ್ಚಾ ಒಯ್ಯುವುದು, ಇಂಜಿನಿಯರನ ಮೇಜಿನ ಮೇಲೆ ಬಳೆ ಎಸೆಯುವುದು ಎಂದು ಠರಾವಾಯಿತು. ಈ ಊರಲ್ಲಿ ಇದು ಹೊಸದಲ್ಲ. ಕೆಲಸ ಮಾಡದ ಅಧಿಕಾರಿಗೆ ಬಳೆ ಕೊಟ್ಟು ಬರುವುದನ್ನು ಎಲ್ಲ ಪಕ್ಷದವರೂ ಮಾಡುತ್ತಾರೆ. ಫೋಟೊ ಚೆನ್ನಾಗಿ ಬರುತ್ತದಂತೆ.

ಅರ್ಜಿ ಟೈಪ್ ಮಾಡುವ ಕೆಲಸ ನನಗೆ ಬಂತು. "ಬಳೆ ತೊಟ್ಟು ಕೂತಿರುವ ಈ ಆಡಳಿತ" ಎಂದು ಶಂಕ್ರೆಪ್ಪ ಹೇಳಿದ, ನಾನು ಟೈಪ್ ಮಾಡಿದೆ. ಸುಳ್ಳೇಕೆ ಹೇಳಲಿ? ನನ್ನ ಕೈಯ ಬಳೆಗಳೇ ಕೀಬೋರ್ಡಿಗೆ ತಾಗಿ ಸದ್ದು ಮಾಡುತ್ತಿದ್ದವು, ಆದರೂ ಟೈಪ್ ಮಾಡಿದೆ.

ಸಂಜೆ ಶಂಕ್ರೆಪ್ಪ ಮೆಟ್ಟಿಲ ಕೆಳಗೆ ಬಂದ. ಹಿಂದೆ ಕಮಿಟಿಯ ಆರು ಜನ.

"ಅಕ್ಕಾ, ಹತ್ತ ಡಜನ್ ಬಳಿ ಕಟ್ಟು. ನಾಳೆ ಆ ಇಂಜಿನಿಯರನ ಟೇಬಲ್ ಮ್ಯಾಲೆ ಒಗದ ಬರತೀವಿ."

"ಕೈ ಎಲ್ಲೆ?" ಅಂದಳು ಚನ್ನವ್ವ.

"ಯಾರ ಕೈ?"

"ಇಟ್ಕೊಳ್ಳೋರ ಕೈ. ನಾ ಬಿಡಿ ಬಳಿ ಕೊಡಂಗಿಲ್ಲ, ನಿನಗ ಗೊತ್ತಿಲ್ಲೇನು?"

"ಏ, ಇವು ಇಟ್ಕೊಳ್ಳಾಕ ಅಲ್ಲಕ್ಕಾ. ಮರ್ಯಾದಿ ತಗೀಲಿಕ್ಕೆ."

"ಯಾರದು?"

"ಮತ್ತ್ಯಾರದು? ಇಂಜಿನಿಯರಂದು!"

"ಅವಂದು ಹೋಗೂದು ನಾಳಿಗೆ. ನಂದು ಈಗ ಹೋಗಾಕತ್ತೈತಲ್ಲೋ. ಈ ಬಳಿ ಮಾರಿ ಮೂರು ಮಕ್ಕಳಿಗೆ ಅನ್ನ ಹಾಕೀನಿ. ನನ್ನ ಅನ್ನ ನಿಮಗ ಬೈಗಳೇನು?"

ಅವಳು ದನಿ ಏರಿಸಲಿಲ್ಲ. ಆರು ಜನರಲ್ಲಿ ಇಬ್ಬರು ಮೊಬೈಲ್ ನೋಡಿಕೊಂಡರು. ಶಂಕ್ರೆಪ್ಪನಿಗೆ ಮಾತ್ರ ಎಲ್ಲರೆದುರು ಮುಖ ಕೆಂಪಾಯಿತು.

"ನೋಡಕ್ಕಾ, ಇದು ಇಡೀ ಚಾಳಿನ ನೀರಿನ ಪ್ರಶ್ನಿ. ಈ ಮೆಟ್ಟಲ ಕೆಳಗಿನ ಜಾಗಾ ಕಮಿಟೀದು. ನಾಳೆ ಒಂಬತ್ತಕ್ಕ ಬಳಿ ರೆಡಿ ಇರಬೇಕು. ಇಲ್ಲಂದ್ರ ಬುಟ್ಟಿ ಬ್ಯಾರೆ ಕಡೆ ಇಡು. ಇಲ್ಲೆ ಚಪ್ಪಲ್ ಸ್ಟ್ಯಾಂಡ್ ಮಾಡತೀವಿ."

ಅವರು ಹೋದ ಮೇಲೆ ನಾನು ಪಕ್ಕದಲ್ಲಿ ಕೂತೆ. ಚನ್ನವ್ವ ಬಳೆಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. "ಅನೂ, ಅರವತ್ಮೂರಾತು. ಈಗ ಬುಟ್ಟಿ ತಗೊಂಡ ಎಲ್ಲಿ ಹೋಗಲಿ? ಹೊರಗ ಫುಟ್‌ಪಾತಿನ್ಯಾಗ ಕುಂತರ ದಿನಾ ಮುನ್ಸಿಪಾಲ್ಟಿ ಗಾಡಿಯವರು ಬಂದು ಎಬ್ಬಸ್ತಾರ" ಅಂದಳು. ನಾನು ನನ್ನ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದೆ. ಅದರಲ್ಲಿ ಆ ಅರ್ಜಿ ಇತ್ತಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಇಡೀ ಚಾಳು ಅಂಗಳದಲ್ಲಿ ನೆರೆಯಿತು. ಶಂಕ್ರೆಪ್ಪ ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ ಹಾಕಿ ಬಂದ. ಚನ್ನವ್ವ ಬುಟ್ಟಿ ತೆರೆದುಕೊಂಡೇ ಕೂತಿದ್ದಳು.

"ಅಳತಿ ಹೇಳು" ಅಂದಳು.

"ಯಾವ ಅಳತಿ?"

"ಇಂಜಿನಿಯರನ ಕೈ ಅಳತಿ. ಒಯ್ದ ಬಳಿ ಅವನ ಕೈಗೆ ಬರಬ್ಯಾಡೇನು? ನಾಳೆ ಅವ, ಬಳಿಗಾರ್ತಿಗೆ ಧಂದಾ ತಿಳೀವಲ್ದು ಅಂದಾನು."

ಜನ ನಕ್ಕರು. ಶಂಕ್ರೆಪ್ಪನಿಗೂ ಹುರುಪು ಬಂತು. "ನನ್ನಷ್ಟ ಇರತಾವ ತಗೋ ಅವನ ಕೈ!" ಎಂದು ತನ್ನ ಬಲಗೈ ಚಾಚಿದ. ಮೊಬೈಲುಗಳು ಮೇಲೆದ್ದವು.

ಚನ್ನವ್ವ ಆ ಕೈ ಹಿಡಿದು ಸಾಬೂನು ಸವರಿದಳು. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿದಳು, ಗೆಣ್ಣುಗಳನ್ನು ಒತ್ತಿ ಒತ್ತಿ ಮೆತ್ತಗೆ ಮಾಡಿದಳು. "ಹೆದರಬ್ಯಾಡ ತಮ್ಮಾ, ನೋಯಂಗಿಲ್ಲ. ಹೆಣ್ಣಮಕ್ಕಳು ಎಂಟ ವರ್ಷಕ್ಕ ಇಟ್ಕೊಂತಾರ" ಅನ್ನುತ್ತ ಬುಟ್ಟಿಯಲ್ಲಿದ್ದ ಅತಿ ದೊಡ್ಡ ಅಳತೆಯ ಹಸಿರು ಗಾಜಿನ ಬಳೆಗಳನ್ನು ಏರಿಸಿದಳು. ಒಂದಲ್ಲ, ಎರಡಲ್ಲ, ಹನ್ನೆರಡು. ಒಂದೂ ಒಡೆಯಲಿಲ್ಲ. "ಬುಟ್ಟಿಗೆ ನಮಸ್ಕಾರ ಮಾಡು" ಅಂದಳು. ಅವನು ಮಾಡಿದ, ನಗುತ್ತಲೇ.

ನಗು ನಿಂತದ್ದು ತೆಗೆಯಲು ಹೋದಾಗ. ಬಳೆ ಗೆಣ್ಣಿನವರೆಗೆ ಬಂದು ನಿಂತಿತು. ಎಳೆದ, ತಿರುಚಿದ. ಕೈ ಕೆಂಪಗಾಗಿ ಊದಿಕೊಂಡಿತು. ಗಂಟೆ ಒಂಬತ್ತೂವರೆ. ಹನ್ನೊಂದಕ್ಕೆ ಆಫೀಸಿನಲ್ಲಿ ಸಮಯ ಕೊಟ್ಟಿದ್ದರು.

"ಒಡದ ಬಿಡು ಅಕ್ಕಾ! ಕಲ್ಲ ತಗೊಂಡು ಒಡಿ!" ಅಂದ ಶಂಕ್ರೆಪ್ಪ.

"ಏ! ಯಾರಾರ ಮುಟ್ಟೀರಿ ನೋಡ್ರಿ!" ಎಂದು ಜನರನ್ನು ಸೀಳಿಕೊಂಡು ಅವನ ಹೆಂಡತಿ ಇಂದ್ರಾಬಾಯಿ ಬಂದಳು. "ಕೈಯಾಗಿನ ಬಳಿ ಒಡಿಯೂದು ಯಾವಾಗ? ಗಂಡ ಸತ್ತಾಗ ಹೆಂಡತೀವು ಒಡೀತಾರ. ಹಂಗಾರ ಗಂಡನ್ವು ಒಡೀಬೇಕಂದ್ರ ಹೆಂಡತಿ ಸತ್ತಿರಬೇಕಲ್ಲ? ನಾ ಇನ್ನಾ ಸತ್ತಿಲ್ರೀ! ಜೀವಂತ ನಿಂತೀನಿ ಇಲ್ಲೆ!"

ಇಂಥ ಠರಾವು ಕಮಿಟಿ ಹಿಂದೆಂದೂ ನೋಡಿರಲಿಲ್ಲ.

ಮೋರ್ಚಾ ಹೊರಟಿತು. ಹತ್ತು ಡಜನ್ ಬಳೆ ಕಟ್ಟಿಸಿಕೊಳ್ಳುವುದು ಆ ಗದ್ದಲದಲ್ಲಿ ಎಲ್ಲರಿಗೂ ಮರೆತೇ ಹೋಯಿತು. ಮುಂದೆ ಶಂಕ್ರೆಪ್ಪ, ಬಲಗೈಗೆ ಟವೆಲ್ ಸುತ್ತಿಕೊಂಡು. ದಾರಿಯಲ್ಲಿ ಮೂರು ಜನ, "ಏನಾತು, ಫ್ರ್ಯಾಕ್ಚರ್ ಏನು?" ಅಂದರು. ಪ್ರತಿ ಹೆಜ್ಜೆಗೂ ಟವೆಲೊಳಗಿಂದ ಸಣ್ಣ ಸದ್ದು. ಹಿಂದೆ ಹೆಂಗಸರು ನಕ್ಕು ನಕ್ಕು ಸೆರಗು ಬಾಯಿಗೆ ತುರುಕಿಕೊಂಡಿದ್ದರು. ಚನ್ನವ್ವ ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ಬಂದಳು. ಬಿಟ್ಟು ಬಂದರೆ ಜಾಗ ಇರುತ್ತದೋ ಇಲ್ಲವೋ ಎಂಬ ಭಯ ಅವಳಿಗೆ.

ಇಂಜಿನಿಯರ್ ಸಾಹೇಬರು ತೆಳ್ಳಗಿನ ಮನುಷ್ಯ, ಕನ್ನಡಕ, ನಿದ್ದೆಗೆಟ್ಟ ಮುಖ. ಶಂಕ್ರೆಪ್ಪ ರಾತ್ರಿಯೆಲ್ಲ ಬಾಯಿಪಾಠ ಮಾಡಿದ ಹಿಂದಿ ಭಾಷಣ ಶುರು ಮಾಡಿದ. ಬಾಯಿಪಾಠದ ಗುಣವೇ ಅದು, ನಡುವೆ ನಿಲ್ಲಿಸಲು ಬರುವುದಿಲ್ಲ. "ಕೆಲಸ ಮಾಡಲು ಆಗದಿದ್ದರೆ ಸಾಹೇಬ್, ಕೈಗೆ ಬಳೆ ತೊಟ್ಟು ಮನೆಯಲ್ಲಿ ಕೂತ್ಕೊಳ್ಳಿ!" ಎಂದು ಬಲಗೈ ಎತ್ತಿ ಮೇಜಿಗೆ ಗುದ್ದಿದ. ಟವೆಲ್ ಬಿತ್ತು. ಹನ್ನೆರಡು ಬಳೆ ಝಲ್ಲೆಂದವು.

ಸಾಹೇಬರು ಆ ಕೈಯನ್ನು ನೋಡಿದರು. ತಮಾಷೆ ಮಾಡುತ್ತಿರುವಂತೆ ಕಾಣಲಿಲ್ಲ, ನಿಜವಾಗಿಯೂ ಕೇಳಿದರು: "ಯಾಕೆ, ಇವನ್ನು ತೊಟ್ಟ ಮೇಲೆ ನಿಮಗೆ ಕೆಲಸ ಆಗುತ್ತಿಲ್ಲವೇ?"

ಹಿಂದೆ ಯಾರೋ ಕಿಸಕ್ಕೆಂದರು. ನಾನೇ ಇರಬೇಕು.

ಸಾಹೇಬರು ದೂರು ಬರೆಯುವ ವಹಿ ತೆರೆದರು. ನೀರು ಎಂದಿನಿಂದ ಇಲ್ಲ, ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ನಿಮಿಷ, ಯಾವ ನಳಕ್ಕೆ? ಶಂಕ್ರೆಪ್ಪ ಕಮಿಟಿಯನ್ನು ನೋಡಿದ, ಕಮಿಟಿ ಅವನನ್ನು ನೋಡಿತು. "ಬರೂದೇ ಇಲ್ರೀ ಸಾಹೇಬ್, ಬಿಲ್ಕುಲ್ ಬರೂದಿಲ್ಲ" ಅಂದ.

"ಬರತೈತ್ರಿ" ಎಂದಳು ಹಿಂದಿನಿಂದ ಇಂದ್ರಾಬಾಯಿ. "ನಸುಕಿನ್ಯಾಗ ನಾಲ್ಕು ಹತ್ತಕ್ಕ. ಏಳು ನಿಮಿಷ. ಮದಲಿನ ಎರಡ ಕೊಡ ಚಹಾದ ಬಣ್ಣ."

"ಹಿಂದಿನ ಗಲ್ಲಿ ನಳಕ್ಕ ಜೋರ ಬರತೈತಿ" ಎಂದಳು ಚನ್ನವ್ವ. "ನಮಗಷ್ಟ ಇಲ್ಲ. ಹೊಸ ಬಿಲ್ಡಿಂಗಿನವರು ಗೇಟಿನ ಹತ್ರ ಕಲ್ಲು ಮಣ್ಣು ಸುರುವಿದ ದಿನದಿಂದ. ಅದರ ಕೆಳಗ ಒಂದು ಕಬ್ಬಿಣದ ಮುಚ್ಚಳ ಇತ್ತು. ಬುಟ್ಟಿ ಇಟ್ಟು ದಣಿವಾರಿಸಿಕೊಳ್ತಿದ್ದೆ, ಅದಕ್ಕ ಗೊತ್ತು."

ನಾನು ಹಿಂದಿಗೆ ತಿರುಗಿಸಿ ಹೇಳಿದೆ. ಸಾಹೇಬರು ಬರೆದುಕೊಂಡರು. ಆ ಮುಚ್ಚಳದ ಕೆಳಗೇ ನಮ್ಮ ಚಾಳಿನ ವಾಲ್ವ್ ಇತ್ತು. ಟೈಪ್ ಮಾಡಿದ ಅರ್ಜಿಯನ್ನು ನಾನು ಚೀಲದಿಂದ ತೆಗೆಯಲೇ ಇಲ್ಲ. ಆಮೇಲೆ ಹರಿದು ಹಾಕಿದೆ.

ಮಧ್ಯಾಹ್ನ ನೀರಿನ ಆಫೀಸಿನಿಂದ ನಾಲ್ಕು ಜನ ಬಂದು ಮಣ್ಣು ತೆಗೆದರು. ಮಣ್ಣು ಬಿದ್ದು ತೆರೆಯಲಾಗದೆ ಅರ್ಧ ಮುಚ್ಚಿಯೇ ಉಳಿದಿದ್ದ ವಾಲ್ವ್ ತಿರುಗಿಸಿದರು. ಸಂಜೆ ಆರಕ್ಕೆ ನಳದಲ್ಲಿ ನೀರು ಭೋರೆಂದಿತು. ಬಕೆಟ್, ಕೊಡ, ಕುಕ್ಕರ್, ಎಲ್ಲ ತುಂಬಿದವು. ಶಂಕ್ರೆಪ್ಪನೂ ಎರಡು ಕೊಡ ಹೊತ್ತ. ಹೊತ್ತಾಗೆಲ್ಲ ಬಳೆ ಸದ್ದು ಮಾಡಿದವು, ಯಾರೂ ತಲೆ ಎತ್ತಿ ನೋಡಲಿಲ್ಲ. ನೀರು ಬಂದ ಹೊತ್ತಿನಲ್ಲಿ ನಳದ ಬಳಿ ಅದು ದಿನದ ಸದ್ದು.

ನೀರೆಲ್ಲ ತುಂಬಿದ ಮೇಲೆ ಅವನು ಮೆಟ್ಟಿಲ ಕೆಳಗೆ ಬಂದು ಕುಕ್ಕರುಗಾಲಲ್ಲಿ ಕೂತ.

"ಅಕ್ಕಾ, ಈಗರ ತೆಗಿ."

"ಈ ಜಾಗಾ ಯಾರದು?"

"ನಿಂದ."

"ಚಪ್ಪಲ್ ಸ್ಟ್ಯಾಂಡ್?"

"ನಮ್ಮ ಬಾಗಲದಾಗ ಮಾಡ್ಕೊಂತೀನಿ ತಾಯೀ."

ಚನ್ನವ್ವ ಅವನ ಕೈಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ಹಾಕಿ, ಬಳೆಗಳನ್ನು ಅದರ ಮೇಲಿನಿಂದ ಒಂದೊಂದಾಗಿ ಜಾರಿಸಿದಳು. ಎರಡು ನಿಮಿಷವೂ ಹಿಡಿಯಲಿಲ್ಲ.

"ಅಂದ್ರ ಮುಂಜಾನಿನೂ ಬರತಿತ್ತೇನು?"

"ಬರತಿತ್ತು. ನೀ ಒಡಿ ಅಂದಿ. ತೆಗಿ ಅಂತ ಎಲ್ಲೆ ಕೇಳ್ದಿ?"

ಹನ್ನೆರಡು ಬಳೆ ಬಟ್ಟೆಯ ಮೇಲೆ ಕೂತವು. "ಗಂಡಸು ಇಟ್ಕೊಂಡ ಬಳಿ, ಇನ್ನ ಯಾರು ತಗೋತಾರಕ್ಕಾ?" ಎಂದು ಇಂದ್ರಾಬಾಯಿ ನಕ್ಕಳು. ಚನ್ನವ್ವ ಅವುಗಳ ಮೇಲಿನ ಸಾಬೂನಿನ ಕಲೆ ಒರೆಸಿದಳು. ಆಮೇಲೆ ತನ್ನ ಬರಿಗೈಯನ್ನು ಶಂಕ್ರೆಪ್ಪನ ಮುಂದೆ ಚಾಚಿದಳು.

"ಇಡಸು" ಅಂದಳು.

ಶಂಕ್ರೆಪ್ಪ ಬಾಯಿ ತೆಗೆದ. ಅವನು ಏನು ಹೇಳಲಿದ್ದ ಎಂದು ನಮಗೆಲ್ಲ ಗೊತ್ತಿತ್ತು. ಗಂಡ ಇಲ್ಲದವಳು ಅನ್ನುವುದಿತ್ತು. ತನ್ನ ಮುಂಗೈಯ ಮೇಲಿನ ಕೆಂಪು ಗೆರೆಗಳನ್ನು ನೋಡಿಕೊಂಡ, ಬಾಯಿ ಮುಚ್ಚಿದ. ಅವಳು ಬೆಳಿಗ್ಗೆ ಮಾಡಿದಂತೆಯೇ ಅವಳ ಹೆಬ್ಬೆರಳು ಮಡಚಿದ. ದೊಡ್ಡ ಅಳತೆಯ ಬಳೆ, ಬಡಕಲು ಕೈ. ಸಲೀಸಾಗಿ ಏರಿದವು. ಚನ್ನವ್ವ ಬುಟ್ಟಿಗೆ ನಮಸ್ಕಾರ ಮಾಡಿದಳು. ಕೈ ಎತ್ತಿ ಒಮ್ಮೆ ಅಲ್ಲಾಡಿಸಿ ಸದ್ದು ಕೇಳಿದಳು.

"ಈಗ ಕೇಳು" ಅಂದಳು.

"ಏನಕ್ಕಾ?"

"ಅದs, ದಿನಾ ಕೇಳ್ತೀರಲ್ಲ, ಕೈಯಾಗ ಬಳಿ ಇಟ್ಕೊಂಡೀಯೇನು ಅಂತ. ಹತ್ತೊಂಬತ್ತ ವರ್ಷ ಆತು, ನನ್ನ ಯಾರೂ ಕೇಳಿಲ್ಲ."

ಶಂಕ್ರೆಪ್ಪ ಕೇಳಿದ. ಅಷ್ಟು ಮೆಲ್ಲಗೆ ಮಾತಾಡಲು ಅವನಿಗೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ಹೂಂನಪ್ಪಾ" ಅಂದಳು ಚನ್ನವ್ವ. "ಇಟ್ಕೊಂಡೀನಿ."